ಹಲ್ಲಿನ ಗುಂಡಿಯ ತಳದಲ್ಲಿ ಒಂದು ಕೆಂಪು ಚುಕ್ಕೆ

(ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ನಡುವೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡಬೇಕೆಂದಿರುವುದು ಒಂದು ಚುಕ್ಕೆಯ ಬಗ್ಗೆ. ಗುಂಡುಸೂಜಿಯ ತಲೆಯಷ್ಟಿರುತ್ತದೆ, ಕೆಲವು ಸಲ ಅಷ್ಟೂ ಇರುವುದಿಲ್ಲ. ಆಳವಾದ ಹುಳುಕನ್ನು ಕೆರೆದು ತೆಗೆಯುತ್ತಿರುವಾಗ ಗುಂಡಿಯ ತಳದಲ್ಲಿ ಅದು ಥಟ್ಟನೆ ಕಾಣಿಸಿಕೊಳ್ಳುತ್ತದೆ. ಮೊದಲು ನಸುಗೆಂಪು, ಆಮೇಲೆ ಒಂದು ಹನಿ ರಕ್ತ. ಹಲ್ಲಿನ ತಿರುಳು, ಅಂದರೆ ಹಲ್ಲಿನೊಳಗಿನ ಜೀವವಿರುವ ಮೆತ್ತನೆಯ ಭಾಗ, ತೆರೆದುಕೊಂಡಿತು ಎಂದು ಅದರ ಅರ್ಥ.

ಕಾಲೇಜಿನಲ್ಲಿ ಕಲಿಯುತ್ತಿದ್ದಾಗ ಆ ಚುಕ್ಕೆ ಕಂಡರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ದೊಡ್ಡವರ ಹಲ್ಲಿನಲ್ಲಿ ಹುಳುಕು ತೆಗೆಯುವಾಗ ತಿರುಳು ಕಂಡರೆ ಮುಂದಿನ ದಾರಿ ಒಂದೇ ಎಂದು ನಮಗೆ ಹೇಳಿಕೊಟ್ಟಿದ್ದರು. ತಿರುಳನ್ನು ಬೇರಿನ ತುದಿಯವರೆಗೆ ತೆಗೆದು ರೂಟ್ ಕೆನಾಲ್ ಮಾಡುವುದು. ಈಗ ಅದೇ ಚುಕ್ಕೆ ಕಂಡಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಇದನ್ನು ಬದುಕಿಸಿಕೊಳ್ಳಬಹುದಾ? ಎಷ್ಟೋ ಸಲ ಬದುಕಿಸಿಕೊಳ್ಳಬಹುದು. ಈ ಬದಲಾವಣೆ ಎಲ್ಲಿಂದ ಬಂತು ಎಂದು ನಿಮಗೆ ಹೇಳಬೇಕು ಅಂತಲೇ ಬಂದಿದ್ದೇನೆ.

ಮೊದಲು ಹಲ್ಲಿನ ಒಳಗೆ ಸ್ವಲ್ಪ ಇಣುಕೋಣ. ಹೊರಪದರ ಎನಾಮೆಲ್. ಅದರ ತೂಕದಲ್ಲಿ ಸುಮಾರು ಶೇಕಡಾ 96ರಷ್ಟು ಖನಿಜವೇ. ಹಲ್ಲು ವಸಡಿನಿಂದ ಮೇಲೆ ಬರುವಷ್ಟರಲ್ಲಿ ಎನಾಮೆಲ್ ಕಟ್ಟಿದ ಜೀವಕೋಶಗಳು ಕೆಲಸ ಮುಗಿಸಿ ಹೋಗಿಬಿಟ್ಟಿರುತ್ತವೆ. ಹಾಗಾಗಿ ಒಮ್ಮೆ ಗುಂಡಿ ಬಿದ್ದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅದರ ಒಳಗಿನ ಪದರ ಡೆಂಟಿನ್. ಇದನ್ನು ಕಟ್ಟುವ ಕೋಶಗಳು ಮಾತ್ರ ಎಲ್ಲೂ ಹೋಗುವುದಿಲ್ಲ. ತಿರುಳಿನ ಅಂಚಿನಲ್ಲಿ ಸಾಲಾಗಿ ನಿಂತು, ತಿರುಳು ಬದುಕಿರುವವರೆಗೂ ಮೆಲ್ಲಗೆ ಕಟ್ಟುತ್ತಲೇ ಇರುತ್ತವೆ. ಅವುಗಳ ಎಳೆಗಳು ಡೆಂಟಿನ್ನಿನ ಒಳಗಿರುವ ಸಣ್ಣ ಕೊಳವೆಗಳಿಗೆ ಚಾಚಿರುತ್ತವೆ. ಎನಾಮೆಲ್ ಹತ್ತಿರ ಒಂದು ಚದರ ಮಿಲಿಮೀಟರಿನಲ್ಲಿ ಇಂಥ ಸುಮಾರು 20,000 ಕೊಳವೆಗಳಿದ್ದರೆ, ತಿರುಳಿನ ಹತ್ತಿರ ಸುಮಾರು 45,000. ಕೊಳವೆಯ ಬಾಯಿಯೂ ಅಲ್ಲಿ ಅಗಲ. ಹುಳುಕು ಕೆಳಗಿಳಿದಷ್ಟೂ ಬ್ಯಾಕ್ಟೀರಿಯಾದ ವಿಷ ಒಳಗೆ ಹರಿಯುವುದು ಸುಲಭವಾಗುವುದು ಇದರಿಂದಲೇ.

ಇನ್ನು ತಿರುಳು. ಒಂದು ಹಲ್ಲಿನಲ್ಲಿ ಅದು ಸರಾಸರಿ 0.02 ಮಿಲಿಲೀಟರ್ ಇರುತ್ತದೆ. ಅರ್ಧ ಹನಿ ನೀರಿಗಿಂತಲೂ ಕಡಿಮೆ. ಅಷ್ಟರಲ್ಲೇ ರಕ್ತನಾಳಗಳಿವೆ, ನರಗಳಿವೆ, ಸೋಂಕಿನ ಜೊತೆ ಹೋರಾಡುವ ಕೋಶಗಳಿವೆ. ಡೆಂಟಿನ್ ಕಟ್ಟುವ ಕೋಶಗಳು ಸತ್ತರೆ ಅವುಗಳ ಜಾಗಕ್ಕೆ ಹೊಸಬರನ್ನು ಕೊಡಬಲ್ಲ ಸ್ಟೆಮ್ ಸೆಲ್‌ಗಳೂ ಇವೆ. ದೊಡ್ಡವರ ಹಲ್ಲಿನ ತಿರುಳಿನಲ್ಲೂ ಇವು ಇವೆ ಎಂಬುದನ್ನು 2000ರಲ್ಲಿ ಸಂಶೋಧಕರು ತೋರಿಸಿದರು. ಜನ 'ಹಲ್ಲಿನ ನರ' ಎಂದು ಕರೆಯುವುದು ಇದನ್ನೇ. ಆ ಹೆಸರು ನನಗೆ ಇಷ್ಟವಿಲ್ಲ. ನರ ಅಂದ ಕೂಡಲೇ ನೋವು ಮಾತ್ರ ನೆನಪಾಗುತ್ತದೆ. 'ನರ ತೆಗೆದುಬಿಡಿ ಡಾಕ್ಟ್ರೇ' ಎಂದು ಕುರ್ಚಿಯಲ್ಲಿ ಕೂತವರು ಸಲೀಸಾಗಿ ಹೇಳುತ್ತಾರೆ. ತೆಗೆಯುವಾಗ ನರದ ಜೊತೆ ಹಲ್ಲಿನ ಗಾರೆ ಕೆಲಸದವರೂ ಕಾವಲುಗಾರರೂ ಹೋಗುತ್ತಾರೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ತಿರುಳು ಒಮ್ಮೆ ತೆರೆದುಕೊಂಡರೆ ಸತ್ತೇ ಹೋಗುತ್ತದೆ ಎಂದು ನಂಬಲು ಹಿಂದಿನವರಿಗೆ ಕಾರಣವಿತ್ತು. ಕೈಗೆ ಗಾಯವಾದರೆ ಸುತ್ತಲಿನ ಚರ್ಮ ಊದಿಕೊಳ್ಳಲು ಜಾಗವಿದೆ, ರಕ್ತ ಬರಲು ಹತ್ತು ದಾರಿಗಳಿವೆ. ತಿರುಳು ಗಟ್ಟಿ ಗೋಡೆಗಳ ನಡುವೆ ಇದೆ. ರಕ್ತ ಬರುವುದು ಮುಖ್ಯವಾಗಿ ಬೇರಿನ ತುದಿಯ ಕಿರಿದಾದ ತೂತಿನಿಂದ. ಊದಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ, ವಿಪರೀತ ನೋವಾಗುತ್ತದೆ. ಇಂಥ ಜಾಗದಲ್ಲಿ ಗಾಯ ವಾಸಿಯಾಗುವುದಾದರೂ ಹೇಗೆ ಎಂದು ಅವರು ಅಂದುಕೊಂಡರೆ ತಪ್ಪೇನಿಲ್ಲ. 1836ರಲ್ಲಿ ಅಮೆರಿಕದ ಸ್ಪೂನರ್ ಎಂಬ ವೈದ್ಯರು ತಿರುಳನ್ನು ಸಾಯಿಸಲು ಆರ್ಸೆನಿಕ್ ಇಡುವ ವಿಧಾನವನ್ನು ಬರೆದಿಟ್ಟರು. ಆ ವಿಷವನ್ನು ದಂತವೈದ್ಯರು ಬಹಳ ಕಾಲ ಬಳಸಿದರು.

ಹಾಗಂತ ಉಳಿಸಲು ನೋಡಿದವರು ಇರಲಿಲ್ಲ ಎಂದಲ್ಲ. 1756ರಷ್ಟು ಹಿಂದೆಯೇ, ಪ್ರಷ್ಯಾದ ದೊರೆ ಫ್ರೆಡ್ರಿಕ್‌ನ ದಂತವೈದ್ಯ ಫಿಲಿಪ್ ಪ್ಫಾಫ್ ತೆರೆದ ತಿರುಳಿನ ಮೇಲೆ ತೆಳು ಚಿನ್ನದ ಹಾಳೆ ಮುಚ್ಚುವುದನ್ನು ವಿವರಿಸಿದ್ದ. ಆಮೇಲೆ 1920ರಲ್ಲಿ ಜರ್ಮನಿಯ ಹರ್ಮನ್ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ತಂದರು. ಸುಣ್ಣವನ್ನು ನೀರಿನಲ್ಲಿ ಅರಳಿಸಿದರೆ ಸಿಗುವ ವಸ್ತುವೇ ಅದು. ತುಂಬ ತೀಕ್ಷ್ಣ ಕ್ಷಾರ, ಅದರ ಪಿಎಚ್ 12.5ರ ಹತ್ತಿರ. ತಿರುಳಿಗೆ ತಾಗಿದ ಕಡೆ ತೆಳುವಾಗಿ ಸುಡುತ್ತದೆ. ಆ ಸುಟ್ಟ ಪದರದ ಕೆಳಗೆ ತಿರುಳು ಗಟ್ಟಿಯಾದ ಹೊಸ ಗೋಡೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ನಾವು 'ಡೆಂಟಿನ್ ಸೇತುವೆ' ಎನ್ನುತ್ತೇವೆ. ದಶಕಗಳ ಕಾಲ ಇದೇ ನಮ್ಮ ಮುಖ್ಯ ಔಷಧಿಯಾಗಿತ್ತು. ಆದರೆ ಕೆಲವು ಹಲ್ಲು ಉಳಿಯುತ್ತಿದ್ದವು, ಕೆಲವು ಸಾಯುತ್ತಿದ್ದವು. ಯಾಕೆ ಅಂತ ಖಚಿತವಾಗಿ ಹೇಳುವವರಿರಲಿಲ್ಲ.

ಉತ್ತರ ಬಂದದ್ದು 1965ರಲ್ಲಿ. ನಮ್ಮ ವೃತ್ತಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಯೋಗ ಅದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜ್‌ಜೆರಾಲ್ಡ್ ಎಂಬ ಮೂವರು ಎರಡು ಗುಂಪು ಇಲಿಗಳನ್ನು ತೆಗೆದುಕೊಂಡರು. ಒಂದು ಗುಂಪು ಸಾಮಾನ್ಯ ಇಲಿಗಳು. ಇನ್ನೊಂದು ಗುಂಪು ಒಂದೇ ಒಂದು ಸೂಕ್ಷ್ಮಜೀವಿಯೂ ಇಲ್ಲದ ವಾತಾವರಣದಲ್ಲಿ ಬೆಳೆದವು. ಎರಡೂ ಗುಂಪಿನ ದವಡೆ ಹಲ್ಲಿನಲ್ಲಿ ತಿರುಳಿನವರೆಗೆ ತೂತು ಕೊರೆದರು. ಔಷಧಿ ಇಡಲಿಲ್ಲ, ಮುಚ್ಚಲೂ ಇಲ್ಲ. ಸುಮ್ನೆ ತೆರೆದು ಬಿಟ್ಟರು. ಇಲಿಗಳು ತಿಂದದ್ದೆಲ್ಲ ಆ ತೂತಿಗೆ ತುಂಬಿಕೊಂಡಿತು.

ಸಾಮಾನ್ಯ ಇಲಿಗಳ ತಿರುಳು ಕೆಲವೇ ದಿನಗಳಲ್ಲಿ ಕೊಳೆಯಿತು, ಬೇರಿನ ತುದಿಯಲ್ಲಿ ಕೀವು ಕಟ್ಟಿತು. ಸೂಕ್ಷ್ಮಜೀವಿಗಳಿಲ್ಲದ ಇಲಿಗಳಲ್ಲಿ ಅದೇ ಗಾಯ, ಅದೇ ತೂತು, ಒಳಗೆ ಅದೇ ಆಹಾರದ ಚೂರು. ಆದರೆ ತಿರುಳು ಬದುಕಿತ್ತು. ಕೆಲವೇ ವಾರಗಳಲ್ಲಿ ಗಾಯದ ಕೆಳಗೆ ತಾನೇ ಗೋಡೆ ಕಟ್ಟಿಕೊಂಡಿತ್ತು. ಯಾವ ಔಷಧಿಯ ಸಹಾಯವೂ ಇಲ್ಲದೆ.

ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ತಿರುಳಿಗೆ ವಾಸಿಯಾಗುವ ಶಕ್ತಿ ಮೊದಲಿನಿಂದಲೂ ಇತ್ತು. ಅದನ್ನು ಸಾಯಿಸುತ್ತಿದ್ದದ್ದು ಬ್ಯಾಕ್ಟೀರಿಯಾ. ಗಾಯದಿಂದ ಅವುಗಳನ್ನು ದೂರ ಇಟ್ಟರೆ ಉಳಿದ ಕೆಲಸವನ್ನು ಹಲ್ಲೇ ನೋಡಿಕೊಳ್ಳುತ್ತದೆ. ಮುಂದೆ ನಾನು ಹೇಳುವ ಚಿಕಿತ್ಸೆಯ ಒಂದೊಂದು ಹೆಜ್ಜೆಯೂ ಈ ಪ್ರಯೋಗದ ಮೇಲೆಯೇ ನಿಂತಿದೆ.

ಮನುಷ್ಯರಲ್ಲಿ ಇದನ್ನು ಚೆನ್ನಾಗಿ ತೋರಿಸಿದವರು ಸ್ವೀಡನ್ನಿನ ಮಿಯೋಮಿರ್ ಸ್ವೆಕ್. ಬಿದ್ದು, ಪೆಟ್ಟು ತಿಂದು ಮುಂದಿನ ಹಲ್ಲು ಮುರಿದ ಮಕ್ಕಳು ಅವರ ಬಳಿ ಬರುತ್ತಿದ್ದರು. ಮುರಿದ ಜಾಗದಲ್ಲಿ ತಿರುಳು ಕೆಂಪಗೆ ಕಾಣುತ್ತಿತ್ತು. ಕೆಲವರು ಪೆಟ್ಟು ಬಿದ್ದ ಕೆಲವೇ ಗಂಟೆಗಳಲ್ಲಿ ಬಂದರೆ, ಇನ್ನು ಕೆಲವರು ಎಷ್ಟೋ ವಾರಗಳಾದ ಮೇಲೆ ಬಂದಿದ್ದರು. ಸ್ವೆಕ್ ತಿರುಳಿನ ಮೇಲ್ಭಾಗವನ್ನು ಎರಡು ಮಿಲಿಮೀಟರಿನಷ್ಟು ಮಾತ್ರ ತೆಗೆದು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು ಮುಚ್ಚಿದರು. 1978ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 60 ಹಲ್ಲುಗಳಿದ್ದವು. ಅದರಲ್ಲಿ 58 ವಾಸಿಯಾಗಿದ್ದವು. ತೆರೆದ ತಿರುಳಿನಲ್ಲಿ ಸೋಂಕು ಬಹಳ ದಿನ ಮೇಲ್ಪದರದಲ್ಲೇ ನಿಲ್ಲುತ್ತದೆ, ಕೆಳಗಿನ ಭಾಗ ಚೆನ್ನಾಗಿಯೇ ಇರುತ್ತದೆ ಎಂದು ಇದರಿಂದ ಗೊತ್ತಾಯಿತು. ಹಣ್ಣಿನ ಕೆಟ್ಟ ಭಾಗವನ್ನಷ್ಟೇ ಕೊಯ್ದು ತೆಗೆದ ಹಾಗೆ.

ಮಕ್ಕಳ ಹಲ್ಲಿಗೆ ಇದು ಯಾಕೆ ಅಷ್ಟು ಮುಖ್ಯ ಅಂತ ನೋಡಿ. ಮೇಲಿನ ಮುಂದಿನ ಬಾಚಿಹಲ್ಲು ಏಳೆಂಟು ವರ್ಷಕ್ಕೆ ಬರುತ್ತದೆ. ಬಂದಾಗ ಅದರ ಬೇರು ಪೂರ್ತಿ ಆಗಿರುವುದಿಲ್ಲ. ಗೋಡೆ ತೆಳು, ತುದಿ ತೆರೆದೇ ಇರುತ್ತದೆ. ಬೇರು ಬಲಿತು ತುದಿ ಮುಚ್ಚಿಕೊಳ್ಳಲು ಇನ್ನೂ ಸುಮಾರು ಮೂರು ವರ್ಷ ಬೇಕು. ಆ ಕೆಲಸ ಮಾಡುವುದು ತಿರುಳು. ಒಂಬತ್ತು ವರ್ಷದ ಮಗುವಿನ ಹಲ್ಲಿನ ತಿರುಳು ಸತ್ತರೆ ಬೇರು ಅಲ್ಲಿಗೇ ನಿಂತುಹೋಗುತ್ತದೆ. ಮೊಟ್ಟೆಯ ಚಿಪ್ಪಿನಂಥ ಬೇರಿನ ಆ ಹಲ್ಲು ಮುಂದೆ ಸಣ್ಣ ಪೆಟ್ಟಿಗೂ ಮುರಿಯಬಹುದು. ಅದಕ್ಕೇ ಹೇಳುತ್ತೇನೆ, ಮಗುವಿನ ಹಲ್ಲು ಮುರಿದು ಒಳಗೆ ಕೆಂಪು ಕಂಡರೆ ನಾಳೆ ನೋಡೋಣ ಅನ್ನಬೇಡಿ. ಮುರಿದ ಚೂರು ಸಿಕ್ಕರೆ ನೀರಿನಲ್ಲಿ ಹಾಕಿಕೊಂಡು ಬನ್ನಿ. ಎಷ್ಟೋ ಸಲ ಅದನ್ನೇ ಮತ್ತೆ ಅಂಟಿಸಬಹುದು. ತಡವಾಗಿದ್ದರೂ ಬನ್ನಿ, ತಡವಾಯಿತೆಂದು ಕೈಬಿಡಬೇಕಿಲ್ಲ.

ಕ್ಯಾಲ್ಸಿಯಂ ಹೈಡ್ರಾಕ್ಸೈಡಿಗೆ ಕೆಲವು ದೋಷಗಳಿದ್ದವು. ಕಾಲ ಕಳೆದಂತೆ ಅದು ಕರಗುತ್ತದೆ. ಹಲ್ಲಿಗೆ ಅಂಟಿಕೊಳ್ಳುವುದಿಲ್ಲ. ಅದರ ಕೆಳಗೆ ಬೆಳೆದ ಸೇತುವೆಯಲ್ಲಿ ಅನೇಕ ಸಲ ಸಣ್ಣ ಸಣ್ಣ ಸುರಂಗಗಳಿರುತ್ತವೆ. ಮೇಲಿನ ಫಿಲ್ಲಿಂಗ್ ಸೋರಿದರೆ ಬ್ಯಾಕ್ಟೀರಿಯಾ ಆ ಸುರಂಗಗಳಲ್ಲೇ ಇಳಿಯುತ್ತದೆ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೋರಾಬಿನೆಜಾದ್ ಮತ್ತು ಜೊತೆಗಾರರು ಹೊಸ ವಸ್ತುವೊಂದನ್ನು ತಂದರು. ಹೆಸರು ಎಂಟಿಎ. ಅದರ ಮೂಲ ನಿಮಗೆಲ್ಲ ಗೊತ್ತಿರುವುದೇ, ಪೋರ್ಟ್‌ಲ್ಯಾಂಡ್ ಸಿಮೆಂಟ್. ಮನೆ ಕಟ್ಟುವ ಸಿಮೆಂಟಿನ ಜಾತಿಯದೇ ವಸ್ತು, ಆದರೆ ಶುದ್ಧ ಮಾಡಿ, ಎಕ್ಸ್-ರೇಯಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡ್ ಬೆರೆಸಿದ್ದು. ಸಿಮೆಂಟ್ ಗಟ್ಟಿಯಾಗಲು ನೀರು ಬೇಕಲ್ವಾ? ತಿರುಳಿನ ಮೇಲ್ಮೈ ಯಾವಾಗಲೂ ಒದ್ದೆ. ಬೇರೆ ವಸ್ತುಗಳಿಗೆ ತೊಂದರೆ ಕೊಡುವ ಆ ತೇವವೇ ಇದಕ್ಕೆ ಅನುಕೂಲ. ಗಟ್ಟಿಯಾಗುತ್ತಾ ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನೇ ನಿಧಾನವಾಗಿ ಬಿಡುತ್ತದೆ. ಅಂದರೆ ಹಳೆಯ ಔಷಧಿ ಸಿಗುತ್ತದೆ, ಜೊತೆಗೆ ಭದ್ರವಾದ ಮುಚ್ಚಳವೂ ಸಿಗುತ್ತದೆ. ಇದಕ್ಕೂ ಕೊರತೆಗಳಿವೆ. ಮೊದಲ ಎಂಟಿಎ ಗಟ್ಟಿಯಾಗಲು ಎರಡೂವರೆ ಗಂಟೆಗಿಂತ ಜಾಸ್ತಿ ಬೇಕಿತ್ತು. ಬಿಸ್ಮತ್ತಿನಿಂದ ಹಲ್ಲು ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಈಗ ಬಿಸ್ಮತ್ ಇಲ್ಲದ, ಬೇಗ ಗಟ್ಟಿಯಾಗುವ ಇದೇ ಜಾತಿಯ ಸಿಮೆಂಟುಗಳಿವೆ. ಮುಂದಿನ ಹಲ್ಲಿಗೆ ಅವನ್ನೇ ಬಳಸಬೇಕು.

ಈಗ ಕುರ್ಚಿಯಲ್ಲಿ ನಿಜವಾಗಿ ಏನಾಗುತ್ತದೆ ಎಂದು ಹೇಳುತ್ತೇನೆ. ಮೊದಲು ಹಲ್ಲನ್ನು ಮರಗಟ್ಟಿಸುತ್ತೇವೆ. ಆಮೇಲೆ ರಬ್ಬರ್ ಡ್ಯಾಮ್ ಹಾಕುತ್ತೇವೆ. ತೆಳ್ಳನೆಯ ರಬ್ಬರ್ ಹಾಳೆಗೆ ಒಂದು ತೂತು ಮಾಡಿ, ಆ ಹಲ್ಲೊಂದನ್ನೇ ಹೊರಗೆ ಎಳೆದು ಉಳಿದ ಬಾಯನ್ನು ಮುಚ್ಚುವುದು. 1864ರಲ್ಲಿ ನ್ಯೂಯಾರ್ಕಿನ ಬಾರ್ನಮ್ ಎಂಬ ದಂತವೈದ್ಯರು ಕಂಡುಕೊಂಡ ಉಪಾಯ ಇದು. ಕೆಲವರಿಗೆ ಉಸಿರುಕಟ್ಟಿದ ಹಾಗೆ ಅನಿಸುತ್ತದೆ, ನಿಜ. ಆದರೆ ಒಂದು ಹನಿ ಎಂಜಲಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಇಲಿಗಳ ಪ್ರಯೋಗ ನೆನಪಿಸಿಕೊಳ್ಳಿ. ಎಂಜಲು ತಿರುಳಿನ ಮೇಲೆ ಬಿದ್ದರೆ ಎಷ್ಟು ಒಳ್ಳೆಯ ಸಿಮೆಂಟ್ ಇಟ್ಟರೂ ಪ್ರಯೋಜನವಿಲ್ಲ. ರಬ್ಬರ್ ಡ್ಯಾಮ್ ಇಲ್ಲದೆ ನಾನು ಈ ಚಿಕಿತ್ಸೆಗೆ ಕೈ ಹಾಕುವುದಿಲ್ಲ.

ಹುಳುಕನ್ನು ಸುತ್ತಲಿನಿಂದ ತೆಗೆಯುತ್ತಾ ಬಂದು ತಳಕ್ಕೆ ಕೊನೆಯಲ್ಲಿ ಹೋಗುತ್ತೇವೆ. ತಿರುಳು ತೆರೆದುಕೊಂಡರೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿದ ಹತ್ತಿಯ ಉಂಡೆಯನ್ನು ಮೆಲ್ಲಗೆ ಇಟ್ಟು ಕಾಯುತ್ತೇವೆ. ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ರಕ್ತವನ್ನೂ ನಿಲ್ಲಿಸುತ್ತದೆ. ಈ ಕಾಯುವ ನಿಮಿಷಗಳೇ ಚಿಕಿತ್ಸೆಯ ಜೀವಾಳ. ಆರೋಗ್ಯವಾಗಿರುವ ತಿರುಳಿನ ರಕ್ತ ಕೆಲವೇ ನಿಮಿಷಗಳಲ್ಲಿ ನಿಲ್ಲುತ್ತದೆ. ಉರಿಯೂತವಿದ್ದ ಕಡೆ ರಕ್ತನಾಳಗಳು ಹಿಗ್ಗಿರುತ್ತವೆ, ರಕ್ತ ಒಸರುತ್ತಲೇ ಇರುತ್ತದೆ. ನಿಂತರೆ ಅಲ್ಲೇ ಸಿಮೆಂಟ್ ಇಟ್ಟು ಮುಚ್ಚಬಹುದು. ನಿಲ್ಲದಿದ್ದರೆ ಸ್ವೆಕ್ ಮಾಡಿದ ಹಾಗೆ ನೀರು ಹಾಯಿಸುತ್ತಾ ಎರಡು ಮಿಲಿಮೀಟರ್ ಕೆಳಗಿಳಿದು ಮತ್ತೆ ಕಾಯುತ್ತೇವೆ. ಆಗಲೂ ನಿಲ್ಲದಿದ್ದರೆ ಹಲ್ಲಿನ ತಲೆಭಾಗದ ತಿರುಳನ್ನು ಪೂರ್ತಿ ತೆಗೆದು, ಬೇರುಗಳಲ್ಲಿರುವುದನ್ನು ಮಾತ್ರ ಉಳಿಸಿಕೊಳ್ಳುತ್ತೇವೆ. ಇದಕ್ಕೆ ಪಲ್ಪಾಟಮಿ ಎನ್ನುತ್ತಾರೆ. ಅಲ್ಲೂ ರಕ್ತ ನಿಲ್ಲದೇ ಹೋದರೆ ರೂಟ್ ಕೆನಾಲೇ ಸರಿ. ಗುಂಡಿ ತೆರೆದಾಗ ರಕ್ತವೇ ಬಾರದೆ ಒಣಗಿದ್ದರೆ, ಕೀವು ಕಂಡರೆ, ಆಗಲೂ ಅಷ್ಟೇ. ಸತ್ತ ತಿರುಳನ್ನು ಮುಚ್ಚಿಡುವುದು ದೊಡ್ಡ ತಪ್ಪು.

ಸಿಮೆಂಟ್ ಇಟ್ಟ ಮೇಲೆ ಗಟ್ಟಿ ಫಿಲ್ಲಿಂಗನ್ನು ಆದಷ್ಟು ಅದೇ ದಿನ ಹಾಕಬೇಕು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನೋವು ಹೋಯಿತೆಂದು ತಾತ್ಕಾಲಿಕ ಫಿಲ್ಲಿಂಗಿನಲ್ಲೇ ತಿಂಗಳುಗಟ್ಟಲೆ ಓಡಾಡುವವರಿದ್ದಾರೆ. ಅದು ಸವೆದು ಸೋರಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಇಲ್ಲಿ ಒಬ್ಬರು ಕೇಳಿದರು: 'ತಿರುಳು ತೆರೆದುಕೊಳ್ಳದ ಹಾಗೆಯೇ ಹುಳುಕು ತೆಗೆಯಲು ಆಗುವುದಿಲ್ಲವಾ?' ತುಂಬ ಒಳ್ಳೆಯ ಪ್ರಶ್ನೆ. ದಂತವೈದ್ಯರಲ್ಲೇ ಇದರ ಬಗ್ಗೆ ಒಮ್ಮತವಿಲ್ಲ. ಅಂಚುಗಳನ್ನು ಪೂರ್ತಿ ಶುಚಿ ಮಾಡಿ, ತಿರುಳಿನ ಮೇಲಿರುವ ಮೆತ್ತಗಿನ ತೆಳು ಪದರವನ್ನು ಹಾಗೇ ಬಿಟ್ಟು, ಮೇಲೆ ಭದ್ರವಾಗಿ ಮುಚ್ಚಿದರೆ ಒಳಗೆ ಸಿಕ್ಕಿಬಿದ್ದ ಬ್ಯಾಕ್ಟೀರಿಯಾ ಆಹಾರವಿಲ್ಲದೆ ಸೊರಗುತ್ತವೆ ಎನ್ನುವುದು ಒಂದು ವಾದ. ಯುರೋಪಿನ ರೂಟ್ ಕೆನಾಲ್ ತಜ್ಞರ ಸಂಘ 2019ರಲ್ಲಿ ಹೊರಡಿಸಿದ ನಿಲುವು ಇದಕ್ಕೆ ಹತ್ತಿರ. ಅಮೆರಿಕದ ಸಂಘ 2021ರಲ್ಲಿ ಬೇರೆ ಮಾತು ಹೇಳಿತು. ಹುಳುಕನ್ನು ಪೂರ್ತಿ ತೆಗೆದು, ತಿರುಳು ತೆರೆದುಕೊಂಡರೆ ಅದನ್ನು ಕಣ್ಣಾರೆ ನೋಡಿ ತೀರ್ಮಾನಿಸಿ ಎನ್ನುತ್ತದೆ ಅದು. ನನ್ನ ಮಟ್ಟಿಗೆ, ಹಲ್ಲು ತಣ್ಣನೆಯದಕ್ಕೆ ಮಾತ್ರ ಜುಮ್ಮೆಂದು ಕೂಡಲೇ ಸುಮ್ಮನಾಗುತ್ತಿದ್ದರೆ ಆ ತೆಳು ಪದರವನ್ನು ಬಿಡುತ್ತೇನೆ. ರಾತ್ರಿ ಎಬ್ಬಿಸುವ ನೋವಿದ್ದರೆ ತೆರೆದು ನೋಡುತ್ತೇನೆ.

ನೋವಿನ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಣ್ಣನೆಯದು ತಾಗಿದಾಗ ಬಂದು ಕೆಲವೇ ಕ್ಷಣದಲ್ಲಿ ಹೋಗುವ ನೋವಾದರೆ ತಿರುಳು ಚೇತರಿಸಿಕೊಳ್ಳುತ್ತದೆ ಎನ್ನುತ್ತೇವೆ. ತಾನಾಗಿಯೇ ಬರುವ, ಬಂದರೆ ಬಹಳ ಹೊತ್ತು ಇರುವ, ನಿದ್ದೆ ಕೆಡಿಸುವ ನೋವಾದರೆ ತಿರುಳು ಮತ್ತೆ ಸರಿಹೋಗದು ಎಂದು ಹಣೆಪಟ್ಟಿ ಹಚ್ಚುತ್ತಿದ್ದೆವು. ಹಣೆಪಟ್ಟಿ ಬಿದ್ದರೆ ರೂಟ್ ಕೆನಾಲ್. ಆದರೆ ಇಂಥ ಹಲ್ಲುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ, ಕೆಟ್ಟಿರುವುದು ಹುಳುಕಿನ ಪಕ್ಕದ ಭಾಗ ಮಾತ್ರ, ಬೇರಿನೊಳಗಿನ ತಿರುಳು ಚೆನ್ನಾಗಿಯೇ ಇದೆ ಎಂದು ಮತ್ತೆ ಮತ್ತೆ ಕಂಡುಬಂತು. ಇರಾನಿನಲ್ಲಿ ಇಂಥದೇ ನೋವಿದ್ದ 400ಕ್ಕೂ ಹೆಚ್ಚು ಜನರನ್ನು ಚೀಟಿ ಎತ್ತಿದ ಹಾಗೆ ಹಂಚಿ, ಅರ್ಧ ಜನಕ್ಕೆ ಪಲ್ಪಾಟಮಿ, ಇನ್ನರ್ಧಕ್ಕೆ ರೂಟ್ ಕೆನಾಲ್ ಮಾಡಿದರು. ಐದು ವರ್ಷದ ನಂತರ ನೋಡಿದರೆ ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ನೋವಿನ ಮಾತು ಕೇಳಿ ತಿರುಳಿನ ಸಾವನ್ನು ಘೋಷಿಸುವುದು ಆತುರದ ಕೆಲಸ ಎಂದು ಈಗ ನಾವು ಒಪ್ಪುತ್ತಿದ್ದೇವೆ.

ರೂಟ್ ಕೆನಾಲ್ ಬಗ್ಗೆ ಹೆದರಿಸಲು ನಾನು ಬಂದಿಲ್ಲ. ಕೀಳಬೇಕಾಗಿದ್ದ ಕೋಟ್ಯಂತರ ಹಲ್ಲುಗಳನ್ನು ಅದು ಉಳಿಸಿದೆ. ತಿರುಳು ಸತ್ತಿದ್ದರೆ ಅದನ್ನೇ ಮಾಡಿಸಿಕೊಳ್ಳಿ. ಆದರೆ ಜೀವವಿರುವ ಹಲ್ಲಿಗೆ ಕೆಲವು ಅನುಕೂಲಗಳಿವೆ. ಹೊಸ ಹುಳುಕು ಶುರುವಾದರೆ ಜುಮ್ಮೆಂದು ತಿಳಿಸುತ್ತದೆ. ರೂಟ್ ಕೆನಾಲ್ ಆದ ಹಲ್ಲು ಒಳಗೆ ಹುಳುಕಾದರೂ ಸದ್ದು ಮಾಡುವುದಿಲ್ಲ, ಗೊತ್ತಾಗುವ ಹೊತ್ತಿಗೆ ಅರ್ಧ ಹಲ್ಲು ಹೋಗಿರುತ್ತದೆ. ಬೇರಿನವರೆಗೆ ದಾರಿ ಮಾಡಲು ಒಳ್ಳೆಯ ಹಲ್ಲನ್ನೂ ಕೊರೆಯಬೇಕಾಗುತ್ತದೆ, ಅದರಿಂದ ಹಲ್ಲಿನ ಬಲ ಕುಂದುತ್ತದೆ.

ಹಾಲುಹಲ್ಲಿನ ಬಗ್ಗೆ ಒಬ್ಬ ತಾಯಿ ಕೇಳಿದರು: 'ಹೇಗೂ ಬೀಳುವ ಹಲ್ಲಿಗೆ ಇಷ್ಟೆಲ್ಲ ಯಾಕೆ?' ಹಾಲು ದವಡೆ ಹಲ್ಲು ಹತ್ತು, ಹನ್ನೆರಡು ವರ್ಷದವರೆಗೆ ಬಾಯಲ್ಲಿರುತ್ತದಮ್ಮ. ಕೆಳಗೆ ಬರುವ ಹಲ್ಲಿಗೆ ಜಾಗ ಹಿಡಿದಿಡುವುದೂ ಅದೇ. ಹಾಲುಹಲ್ಲಿನ ಪಲ್ಪಾಟಮಿಗೆ ಮೊದಲೆಲ್ಲ ಫಾರ್ಮೋಕ್ರೆಸಾಲ್ ಎಂಬ ಔಷಧಿ ಬಳಸುತ್ತಿದ್ದರು. ಅದು ತಿರುಳನ್ನು ಉಳಿಸುತ್ತಿರಲಿಲ್ಲ, ಕೊಳೆಯದ ಹಾಗೆ ಸಾಯಿಸಿ ಇಡುತ್ತಿತ್ತು. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ತೀರ್ಮಾನಿಸಿತು. ಈಗ ಮಕ್ಕಳಿಗೂ ನಾನು ಈ ಸಿಮೆಂಟುಗಳನ್ನೇ ಬಳಸುತ್ತೇನೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: 'ಹಲ್ಲು ಉಳಿಯಿತು ಅಂತ ಗೊತ್ತಾಗುವುದು ಹೇಗೆ?' ನೋವಿಲ್ಲ ಎಂಬುದಷ್ಟೇ ಸಾಲದು, ತಿರುಳು ನೋವಿಲ್ಲದೆಯೂ ಸಾಯಬಹುದು. ಆರು ತಿಂಗಳಿಗೆ, ಒಂದು ವರ್ಷಕ್ಕೆ ಬಂದು ತೋರಿಸಿ. ತಣ್ಣನೆಯದನ್ನು ತಾಗಿಸಿ ನೋಡುತ್ತೇವೆ, ಎಕ್ಸ್-ರೇ ತೆಗೆಯುತ್ತೇವೆ. ಪೂರ್ತಿ ಪಲ್ಪಾಟಮಿ ಆಗಿದ್ದರೆ ತಲೆಭಾಗದಲ್ಲಿ ತಿರುಳೇ ಇರುವುದಿಲ್ಲ, ತಣ್ಣನೆಯದು ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಆಗ ಎಕ್ಸ್-ರೇಯೇ ಆಧಾರ.

ಒಂದು ಕೆಲಸವನ್ನು ಮಾತ್ರ ಮರೆಯದೆ ಮಾಡಿ. ಯಾವ ಹಲ್ಲು, ಯಾವ ದಿನ, ತಿರುಳನ್ನು ಎಷ್ಟು ಆಳದವರೆಗೆ ತೆಗೆದರು, ಯಾವ ಸಿಮೆಂಟ್ ಇಟ್ಟರು ಎಂದು ಡಾಕ್ಟರಿಂದ ಬರೆಸಿಕೊಳ್ಳಿ, ಎಕ್ಸ್-ರೇ ಪ್ರತಿಯನ್ನೂ ಇಟ್ಟುಕೊಳ್ಳಿ. ಪಲ್ಪಾಟಮಿ ಆದ ಹಲ್ಲು ಎಕ್ಸ್-ರೇಯಲ್ಲಿ ಹೇಗೆ ಕಾಣುತ್ತದೆ ಗೊತ್ತಾ? ಮೇಲೆ ಬಿಳಿಯ ಸಿಮೆಂಟ್, ಕೆಳಗೆ ಬೇರುಗಳು ಖಾಲಿ. ನಿಮ್ಮನ್ನು ಮೊದಲ ಸಲ ನೋಡುವ ಬೇರೆ ವೈದ್ಯರಿಗೆ ಅದು ಯಾರೋ ಅರ್ಧಕ್ಕೆ ಬಿಟ್ಟ ರೂಟ್ ಕೆನಾಲ್ ಹಾಗೆ ಕಾಣಬಹುದು. ನನ್ನ ಬಳಿ ಚಿಕಿತ್ಸೆಯಾಗಿ ಎರಡು ವರ್ಷ ಚೆನ್ನಾಗಿದ್ದ ಒಂದು ದವಡೆ ಹಲ್ಲು ಹಾಗೇ ಹೋಯಿತು. ಬೇರೆ ಊರಿನಲ್ಲಿ ಎಕ್ಸ್-ರೇ ನೋಡಿದವರು ಒಳ್ಳೆಯ ಮನಸ್ಸಿನಿಂದಲೇ 'ಬಾಕಿ ಉಳಿದ ಕೆಲಸ' ಮುಗಿಸಿಕೊಟ್ಟಿದ್ದರು. ತಪ್ಪು ನನ್ನದೇ, ನಾನು ಚೀಟಿ ಬರೆದು ಕೊಟ್ಟಿರಲಿಲ್ಲ. ಆ ಖಾಲಿಯಂತೆ ಕಾಣುವ ಬೇರುಗಳಲ್ಲಿ ಜೀವವಿತ್ತು. ಅವತ್ತಿನಿಂದ ಒಬ್ಬರನ್ನೂ ಚೀಟಿಯಿಲ್ಲದೆ ಕಳಿಸಿಲ್ಲ.